ಸರದಾರನ ನಡುಪಟ್ಟಿ

ವೂಚ್

ಪೋಲೆಂಡಿನ ವೂಚ್ ಪಟ್ಟಣದ ಜವಳಿ ಮೇಳದಲ್ಲಿ ಐದು ದಿನ ಕೈಮಗ್ಗದ ಮುಂದೆ ಕೂತು ಲಾಳಿ ಎಸೆದೆ. ರಬಕವಿಯಲ್ಲಿ ಮೂವತ್ತೆಂಟು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಒಬ್ಬರೂ ಚಪ್ಪಾಳೆ ತಟ್ಟಿಲ್ಲ. ಇಲ್ಲಿ ಲಾಳಿ ಅತ್ತ ಹೋದರೂ ತಟ್ಟಿದರು, ಇತ್ತ ಬಂದರೂ ತಟ್ಟಿದರು. ಮೂರನೆಯ ದಿನದ ಹೊತ್ತಿಗೆ ಅದಿಲ್ಲದೆ ಕೈ ಓಡದಂತಾಯಿತು. ಊರಿಗೆ ಬಂದ ಮೇಲೆ ಈ ಚಟ ಬಿಡಿಸಲು ಹೆಂಡತಿಗೆ ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ.

ನನ್ನ ಜೊತೆ ಬಂದವರು ನಮ್ಮ ಬೀಗರು, ಮುಧೋಳದ ಬೆಲ್ಲದ ವ್ಯಾಪಾರಿ ಶಿವಪುತ್ರಪ್ಪನವರು. ಅವರ ಮಗನಿಗೆ ನನ್ನ ಮಗಳನ್ನು ಕೊಟ್ಟಿದ್ದೇವೆ. "ಇವರನ್ನ ಒಬ್ಬರನ್ನ ಬಿಟ್ಟರ ವಿಜಾಪುರ ದಾಟೂದ್ರಾಗ ದಾರಿ ತಪ್ಪತಾರ್ರಿ" ಎಂದು ನನ್ನ ಹೆಂಡತಿ ಅವರ ಮುಂದೆ ಒಂದು ಮಾತು ಅಂದಿದ್ದಳು. ಅಷ್ಟಕ್ಕೇ ಅವರು ತಮ್ಮ ಖರ್ಚಿನಲ್ಲಿ ಪಾಸ್‌ಪೋರ್ಟು ಮಾಡಿಸಿಕೊಂಡು ಹೊರಟು ನಿಂತರು.

ಬೀಗರ ಜೊತೆ ಪ್ರವಾಸ ಮಾಡುವ ಕಷ್ಟ ಮಾಡಿದವರಿಗೇ ಗೊತ್ತು. ಅವರು ಗಂಡಿನ ಕಡೆಯವರು, ಹಾಗಾಗಿ ಎಲ್ಲದರಲ್ಲೂ ಅವರೇ ಮುಂದಾಗಬೇಕು. ಆದರೆ ಅವರು ದೊಡ್ಡ ಮನಸ್ಸಿನವರು, ಹಾಗಾಗಿ ನಾನೇ ಮುಂದಾಗಬೇಕು ಎನ್ನುತ್ತಾರೆ. ವಾರ್ಸಾ ವಿಮಾನ ನಿಲ್ದಾಣದ ತಿರುಗುವ ಗಾಜಿನ ಬಾಗಿಲಿನ ಮುಂದೆ "ನೀವು ನಡೀರಿ ಬೀಗರ", "ಛೇ, ನೀವು ನಡೀರಿ" ಎಂದು ನಾವು ನಿಂತಿದ್ದಾಗ ಹಿಂದೆ ಸಾಲು ಬೆಳೆಯಿತು. ಕೊನೆಗೆ ಕಾವಲುಗಾರನೊಬ್ಬ ಬಂದು ಇಬ್ಬರನ್ನೂ ಒಂದೇ ಖಾನೆಗೆ ತಳ್ಳಿದ. ಬೀಗತನದ ಇನ್ನೊಂದು ಕಟ್ಟಳೆ, ಬೀಗರು ಹೇಳಿದ್ದು ತಪ್ಪು ಎಂದು ಬಾಯಿಬಿಟ್ಟು ಹೇಳಬಾರದು, ಅವರ ಮಾತು ಮೀರಲೂಬಾರದು. ಈ ಕಟ್ಟಳೆಯನ್ನು ನಾನು ಮುರಿಯಬೇಕಾಗಿ ಬಂತು, ಅದನ್ನು ಮುಂದೆ ಹೇಳುತ್ತೇನೆ.

ಮೇಳ ಮುಗಿದ ದಿನ ನೋಡಿದರೆ ನಮ್ಮ ವಾಪಸು ಟಿಕೆಟ್ಟು ಇನ್ನೂ ನಾಲ್ಕು ದಿನ ಬಿಟ್ಟು ಇತ್ತು. ಏಜೆಂಟನಿಗೆ ಫೋನು ಮಾಡಿದರೆ, "ನಾಕ ದಿನ ದೇಶ ನೋಡ್ರಿ" ಎಂದು ಉಪಕಾರ ಮಾಡಿದವನ ಹಾಗೆ ಹೇಳಿದ. ಮೇಳದಲ್ಲಿ ನಮಗೆ ದುಭಾಷಿಯಾಗಿದ್ದ ಅನ್ಯಾ ಎಂಬ ಹುಡುಗಿ ಹಿಂದಿ ಓದಿಕೊಂಡವಳು. ಅವಳ ಹಿಂದಿ ಪುಸ್ತಕದ್ದು, ನನ್ನದು ವಿಜಾಪುರ ಬಜಾರಿನದು. ನಡುದಾರಿಯಲ್ಲಿ ಎಲ್ಲೋ ಭೇಟಿಯಾಗುತ್ತಿದ್ದೆವು. ತನ್ನ ಅಜ್ಜಿ ಹಳ್ಳಿಯಲ್ಲಿ ಹಳೆಯ ಕಾಲದ ಖಾನಾವಳಿಯೊಂದನ್ನು ನಡೆಸುತ್ತಾಳೆ, ಅಲ್ಲಿ ಮಲಗಲು ಕೋಣೆಗಳೂ ಇವೆ, ಬನ್ನಿ ಎಂದು ಅವಳೇ ಕರೆದಳು.

ಮೊದಲ ದಿನ: ರಾಜ, ದೆವ್ವ ಮತ್ತು ಸರದಾರ

ಅದನ್ನು ಖಾನಾವಳಿ ಎಂದು ಬರೆಯುತ್ತಿದ್ದೇನೆ, ಸಮಾಧಾನವಿಲ್ಲ. ಊಟ ಹಾಕುತ್ತಾರೆ, ಮಲಗಲು ಕೋಣೆ ಕೊಡುತ್ತಾರೆ, ಊರಿನ ಗಂಡಸರು ಸಂಜೆ ಬಂದು ಕುಡಿಯುತ್ತಾರೆ, ಆದಿತ್ಯವಾರ ಚರ್ಚಿನಿಂದ ಬಂದವರು ಅಲ್ಲೇ ಕೂತು ಊರಿನ ವ್ಯವಹಾರ ಬಗೆಹರಿಸುತ್ತಾರೆ. ನಮ್ಮಲ್ಲಿ ಇಷ್ಟಕ್ಕೂ ನಾಲ್ಕು ಬೇರೆ ಬೇರೆ ಕಟ್ಟಡಗಳಿವೆ, ಒಂದರಲ್ಲಿ ಕಂಡವರನ್ನು ಇನ್ನೊಂದರಲ್ಲಿ ಕಂಡರೂ ಕಾಣದ ಹಾಗೆ ಹೋಗುವುದು ರೂಢಿ.

ಬಾಗಿಲಲ್ಲೇ ಅನ್ಯಾಳ ಅಜ್ಜಿ ಹಾಲಿನಾ ಎರಡು ಜೊತೆ ಬಟ್ಟೆಯ ಚಪ್ಪಲಿ ಹಿಡಿದು ನಿಂತಿದ್ದಳು. ಆ ದೇಶದಲ್ಲಿ ಬಂದವರು ಬೂಟು ಕಳಚಬೇಕು, ಮನೆಯವರು ಕೊಟ್ಟ ಚಪ್ಪಲಿ ಮೆಟ್ಟಬೇಕು. ಕಳಚುವುದು ನಮಗೆ ತಿಳಿದ ವಿದ್ಯೆ, ಮತ್ತೆ ಮೆಟ್ಟುವುದು ಹೊಸದು. ಹಾಲಿನಾಗೆ ಎಂಬತ್ತು ವರ್ಷ. ಗಿಡ್ಡ ಆಳು, ಗಟ್ಟಿ ದನಿ. ಮೆಟ್ಟಿಲನ್ನು ಹತ್ತುವಾಗಲೂ ಇಳಿಯುವಾಗಲೂ ಓಡುತ್ತಿದ್ದಳು. ಹಿಂದಿನಿಂದ ಅನ್ಯಾ ಓಡಬೇಡ ಎಂದು ಕೂಗುತ್ತಿದ್ದಳು, ಇವಳು ಕೇಳುತ್ತಿರಲಿಲ್ಲ.

ನಮ್ಮನ್ನು ಒಲೆಯ ಪಕ್ಕ ಕೂರಿಸಿ, ನೀರು ಕೊಡುವ ಮೊದಲೇ ಕಥೆ ಕೊಟ್ಟಳು. ನಾವು ಕೂತ ಬಾಂಕಿನ ಮೇಲೆ ಒಬ್ಬ ರಾಜ ಕೂತಿದ್ದನಂತೆ. ಬೇಟೆಗೆ ಬಂದು ದಾರಿ ತಪ್ಪಿ, ಕೋಸಿನ ಸಾರು ಕುಡಿದು, ಈ ಮನೆಯ ಮೇಲೆ ಇನ್ನು ಕಂದಾಯವಿಲ್ಲ ಎಂದು ಹೇಳಿ ಹೋದನಂತೆ. ಯಾವ ರಾಜ ಎಂದು ಕೇಳಿದೆ. ದಪ್ಪ ರಾಜ ಎಂದಳು. ಹೊಸ್ತಿಲ ಮೇಲಿದ್ದ ತೂತು ದೆವ್ವದ ಗೊರಸಿನದು. ಊರಿನ ಹಿಟ್ಟಿನ ಗಿರಣಿಯವನ ಜೊತೆ ಇಸ್ಪೀಟು ಆಡಿ ಸೋತು, ಸಿಟ್ಟಿನಿಂದ ಕಾಲು ಕುಟ್ಟಿ ಹೋಯಿತಂತೆ. ಬೀಗರು ಎದ್ದು ಹೋಗಿ ಆ ತೂತಿನಲ್ಲಿ ಹೆಬ್ಬೆರಳಿಟ್ಟು ಅಳತೆ ನೋಡಿ ಬಂದರು.

"ನಮ್ಮ ಕಡೆ ಇದನ್ನ ಭೀಮನ ಮೊಣಕಾಲಂತಿದ್ವಿ" ಎಂದರು. "ಇಲ್ಲಿ ಭೀಮ ಬಂದಿಲ್ಲ, ಪಾಪ, ದೆವ್ವದ ಮ್ಯಾಲ ಹಾಕ್ಯಾರ."

ಮೂರನೆಯ ಕಥೆ ಒಲೆಯ ಮೇಲಿನ ಗೂಟಕ್ಕೆ ನೇತುಹಾಕಿದ ಉದ್ದನೆಯ ಬಟ್ಟೆಯದು. ಹಿಂದಿನ ಕಾಲದ ಅಲ್ಲಿನ ಸರದಾರರು ನಿಲುವಂಗಿಯ ಮೇಲೆ ನಡುವಿಗೆ ಸುತ್ತುತ್ತಿದ್ದ ಜರತಾರಿ ಪಟ್ಟಿ. ಒಬ್ಬ ಸರದಾರ ಯುದ್ಧಕ್ಕೆ ಹೋಗುವಾಗ ಇಲ್ಲಿ ಉಂಡು, ಮರಳಿ ಬಂದು ಒಯ್ಯುತ್ತೇನೆ ಎಂದು ಅದನ್ನು ಬಿಟ್ಟುಹೋದ, ಬರಲಿಲ್ಲ. ಅಂದಿನಿಂದ ಪಟ್ಟಿ ಇಲ್ಲಿಯೇ ಇದೆ. ಹೋದ ಶತಮಾನದ ದೊಡ್ಡ ಯುದ್ಧದ ಕೊನೆಯ ಚಳಿಗಾಲದಲ್ಲಿ ಈ ಖಾನಾವಳಿಗೆ ಬೆಂಕಿ ಬಿದ್ದಾಗ ಹಾಲಿನಾಳ ತಾಯಿ ಉರಿಯೊಳಗೆ ನುಗ್ಗಿ ಅದನ್ನು ಉಳಿಸಿ ತಂದಳಂತೆ. ಇಷ್ಟು ಹೇಳಿ ಹಾಲಿನಾ ಎದೆಯ ಮೇಲೆ ಕೈಯಿಟ್ಟುಕೊಂಡಳು. ಬೀಗರೂ ಇಟ್ಟುಕೊಂಡರು.

ಇನ್ನು ನಾನು ಮಾಡಿದ ತಪ್ಪು. ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಒಂದು ಖೋಡಿ ಇರುತ್ತದೆ. ಬಟ್ಟೆ ಕಂಡರೆ ಅಂಚು ಮಗುಚಿ ನೋಡುತ್ತೇವೆ. ಮದುವೆಮನೆಯಲ್ಲಿ ಉಡುಗೊರೆಯ ಸೀರೆ, ಬಸ್ಸಿನಲ್ಲಿ ಮುಂದಿನ ಸೀಟಿನವನ ಟವೆಲು, ಯಾವುದನ್ನೂ ಬಿಡುವುದಿಲ್ಲ. ಬನಹಟ್ಟಿಯಲ್ಲಿ ಮಣ್ಣಿಗೆ ಹೋದಾಗ ಹೆಣದ ಮೇಲಿನ ಬಟ್ಟೆಯ ಅಂಚನ್ನು ಮಗುಚಿ ನೋಡಿದವರನ್ನು ನಾನು ಬಲ್ಲೆ. ಕೈ ತಾನಾಗಿಯೇ ಹೋಗುತ್ತದೆ. ಹೋಯಿತು.

ಅಂಚು ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಕೈಯಲ್ಲಿ ನೇಯ್ದ ಬಟ್ಟೆಯ ಅಂಚಿನಲ್ಲಿ ನೇಕಾರನ ಹಸಿವು, ಅವಸರ, ಹೆಂಡತಿಯ ಜೊತೆಗಿನ ಜಗಳ ಎಲ್ಲ ಅಷ್ಟಿಷ್ಟು ಕಾಣುತ್ತವೆ. ಇದರಲ್ಲಿ ಯಾರೂ ಜಗಳವಾಡಿರಲಿಲ್ಲ. ನೂಲು ರೇಷ್ಮೆಯೂ ಅಲ್ಲ, ನಾವು ಆರ್ಟ್ ಸಿಲ್ಕ್ ಎನ್ನುತ್ತೇವಲ್ಲ, ಅದು. ಸರದಾರ ಯುದ್ಧಕ್ಕೆ ಹೋದ ಮೇಲೆ ಬಹಳ ಕಾಲಕ್ಕೆ ಯಾವುದೋ ಗಿರಣಿಯ ಯಂತ್ರದ ಮಗ್ಗದಿಂದ ಇಳಿದ ಮಾಲು.

ಹಾಲಿನಾ ನನ್ನ ಕೈಯನ್ನೇ ನೋಡುತ್ತಿದ್ದಳು. "ಹೇಗಿದೆ ಅಂತ ಅಜ್ಜಿ ಕೇಳ್ತಿದ್ದಾಳೆ" ಎಂದಳು ಅನ್ಯಾ. ಉಣ್ಣುವ ಮನೆ, ಎಂಬತ್ತರ ಮುದುಕಿ. ಬಹಳ ಚೆನ್ನಾಗಿದೆ ಎಂದೆ.

ಊಟಕ್ಕೆ ನಮ್ಮ ಕಡುಬಿನ ತಂಗಿಯಂಥ ಪಿಯೆರೋಗಿ ಬಂತು, ಒಳಗೆ ಆಲೂಗಡ್ಡೆ ಮತ್ತು ಗಿಣ್ಣದಂಥದು. ಜೊತೆಗೆ ತರಕಾರಿ ಸಾರು. ಮಾಂಸವಿಲ್ಲ ತಾನೆ ಎಂದು ಮೂರು ಸಲ ಕೇಳಿದೆ. ಇಲ್ಲ, ಹಂದಿ ಬರೀ ವಾಸನೆಗೆ ಎಂದಳು. ಬೀಗರು ಕೈಚೀಲದಿಂದ ಕಟಕ ರೊಟ್ಟಿ ಮತ್ತು ಶೇಂಗಾ ಹಿಂಡಿ ತೆಗೆದರು. ಹಾಲಿನಾ ಒಂದು ರೊಟ್ಟಿಯನ್ನು ಬೆರಳಿನಿಂದ ಬಡಿದು ಸದ್ದು ಕೇಳಿ, ಇದು ಎಷ್ಟು ಹಳೆಯದು ಎಂದು ಗೌರವದಿಂದ ವಿಚಾರಿಸಿದಳು.

ಎರಡನೆಯ ದಿನ: ಬೂದಿ ಮತ್ತು ರಸ್ತೆ

ಬೆಳಿಗ್ಗೆ ನಾವಿಬ್ಬರೂ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಕೆಳಗೆ ಬಂದೆವು. ಹಾಲಿನಾ ಗಾಬರಿಯಿಂದ ಗೋಡೆಯ ಕ್ಯಾಲೆಂಡರು ನೋಡಿದಳು. ಅವರಲ್ಲಿ ವರ್ಷಕ್ಕೊಂದು ಬುಧವಾರ ಚರ್ಚಿನಲ್ಲಿ ತಲೆಗೆ ಬೂದಿ ಹಾಕುತ್ತಾರಂತೆ, ಮನುಷ್ಯ ಮಣ್ಣು ಎಂಬುದನ್ನು ಮರೆಯದಿರಲಿ ಎಂದು. ನಮ್ಮಲ್ಲಿ ದಿನಾ ಹಚ್ಚುತ್ತೇವೆ ಎಂದು ಅನ್ಯಾಳ ಮೂಲಕ ಹೇಳಿಸಿದೆ. ಅಷ್ಟೊಂದು ಮರೆವೇ ಎಂದು ಹಾಲಿನಾ ಕೇಳಿದಳು.

ಅನ್ಯಾ ಅಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಿ, ಜಗುಲಿಯಿಂದ ಆರು ಹೆಜ್ಜೆ ಈಚೆಗೆ ನೆಲದಲ್ಲಿ ನೆಟ್ಟಿದ್ದ ಕೆಂಪು ಗೂಟಗಳನ್ನು ತೋರಿಸಿದಳು. ರಸ್ತೆ ಅಗಲ ಮಾಡುತ್ತಾರೆ. ಗೂಟದ ಗೆರೆ ಮುಂದುವರಿದರೆ ಜಗುಲಿಯೂ ಒಲೆಯ ಕೋಣೆಯೂ ಹೋಗುತ್ತವೆ, ಉಳಿದದ್ದರಲ್ಲಿ ಯಾರೂ ಖಾನಾವಳಿ ನಡೆಸಲಾರರು. ಹಳೆಯ ಕಟ್ಟಡವಾದರೆ ರಸ್ತೆ ಬಳಸಿ ಹೋಗಬಹುದು. ಆದರೆ ಬೆಂಕಿ ಬಿದ್ದ ಮೇಲೆ ಗೋಡೆಗಳನ್ನು ಹೊಸದಾಗಿ ಕಟ್ಟಿದ್ದರಿಂದ ಕಾಗದದ ಪ್ರಕಾರ ಇದು ಹಳೆಯದಲ್ಲ. ಈ ಗೋಡೆಗಳಿಗಿಂತ ಹಳೆಯದಾದ, ಈ ಜಾಗ ಬಿಟ್ಟು ಕದಲದ ಒಂದು ವಸ್ತುವಾದರೂ ಒಳಗಿದ್ದರೆ ಕಟ್ಟಡವನ್ನು ಹಳೆಯ ಕಟ್ಟಡಗಳ ಯಾದಿಗೆ ಸೇರಿಸಬಹುದೆಂದು ನಿಯಮವಿದೆಯಂತೆ. ನಾಳೆ ಅಧಿಕಾರಿ ಬರುತ್ತಾನೆ.

"ಪುಣ್ಯಕ್ಕೆ ಸರದಾರನ ಪಟ್ಟಿ ಇದೆ" ಎಂದಳು ಅನ್ಯಾ. ಅವಳು ಅದನ್ನು ಮನಸಾರೆ ನಂಬಿದ್ದಳು.

ಬೀಗರನ್ನು ಹಿತ್ತಲಿನ ಸೇಬಿನ ಗಿಡದ ಕೆಳಗೆ ಕರೆದೊಯ್ದು ವಿಷಯ ಹೇಳಿದೆ.

"ಬೀಗರ, ಆ ಪಟ್ಟಿ ಕೈಮಗ್ಗದ್ದಲ್ರಿ. ಮಿಷನ್ ಮಾಲ್ ಐತಿ."

"ನಿಮ್ಮನ್ನ ಯಾರರ ಕೇಳ್ಯಾರೇನ್ರಿ?"

"ನಿನ್ನೆ ಕೇಳಿದ್ರು. ಛಲೋ ಐತಿ ಅಂದೆ."

"ಛಲೋನ ಅಂದೀರಿ. ನಾಳೆನೂ ಅದನ್ನ ಅನ್ರಿ. ಮುದುಕಿ ಮನಿ ಉಳೀತೈತಿ, ನಿಮ್ಮ ಗಂಟೇನು ಹೋಗತೈತಿ?"

ಬೀಗರು ಹೇಳಿದ ಮೇಲೆ ಮುಗಿಯಿತು, ಹ್ಞೂಂ ಎಂದೆ. ಆದರೆ ಅನ್ನ ಸೇರಲಿಲ್ಲ, ಅಂದರೆ ಕಡುಬು ಸೇರಲಿಲ್ಲ. ನಮ್ಮೂರ ಕಡೆ ಪವರ್‌ಲೂಮಿನ ಸೀರೆಗೆ ಕೈಮಗ್ಗದ ಚೀಟಿ ಅಂಟಿಸಿ ಮಾರುವವರಿದ್ದಾರೆ. ಸಂಘದ ಸಭೆಯಲ್ಲಿ ಪ್ರತಿ ವರ್ಷ ಎದ್ದು ನಿಂತು ಅವರಿಗೆ ಬೈಯುವವನು ನಾನೇ. ನನಗೆ ಆ ಮೇಳಕ್ಕೆ ಕರೆ ಬಂದದ್ದೂ ಹಾಗೆ ಬೈದು ಮಾಡಿಕೊಂಡ ಹೆಸರಿನಿಂದ.

ಮೂರನೆಯ ದಿನ: ಅಧಿಕಾರಿ

ಅಧಿಕಾರಿಯ ಹೆಸರು ಮಾರೆಕ್. ಉದ್ದನೆಯ ಒಣಕಲು ಆಳು, ಕಂಕುಳಲ್ಲಿ ಫೈಲು. ಬಂದವನೇ ಬೂಟು ಬಿಚ್ಚಿ, ಕೊಟ್ಟ ಚಪ್ಪಲಿ ಮೆಟ್ಟಿ, ಹಾಲಿನಾ ಕೊಟ್ಟ ಸಾರು ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು ಫೈಲು ಬಿಚ್ಚಿದ. ಸಾರು ಕುಡಿದದ್ದಕ್ಕೆ ಅವನ ಮುಖದಲ್ಲಿ ಯಾವ ಮುಲಾಜೂ ಕಾಣಲಿಲ್ಲ. ನಮ್ಮಲ್ಲಿ ಚಹಾ ಕುಡಿದರೆ ಅರ್ಧ ಕೆಲಸವಾಯಿತೆಂದು ಲೆಕ್ಕ.

ರಾಜನ ಬಾಂಕಿನ ಕೆಳಗೆ ಬಗ್ಗಿ ನೋಡಿ, ಕಾರ್ಖಾನೆಯ ಮೊಳೆ, ಈಚಿನದು ಎಂದ. ರಾಜ ಹೋದ. ಹೊಸ್ತಿಲ ತೂತಿನ ಪಕ್ಕ ಕೆರೆದು ನೋಡಿ, ಸಿಮೆಂಟು ಎಂದ. ಹಾಗಾದರೆ ದೆವ್ವ ಬಂದದ್ದು ಸಿಮೆಂಟಿನ ಗಾಡಿ ಬಂದ ಮೇಲೆ. ಎರಡನ್ನೂ ಗೆರೆ ಎಳೆದು ಹೊಡೆದುಹಾಕಿದ. ಆಗ ಹಾಲಿನಾ ಎರಡೂ ಕೈಗಳಿಂದ ಸರದಾರನ ಪಟ್ಟಿಯನ್ನು ಇಳಿಸಿ ಮೇಜಿನ ಮೇಲೆ ಹಾಸಿದಳು. ನನ್ನ ಕಡೆ ಕೈ ತೋರಿಸಿ ಏನೋ ಹೇಳಿದಳು. ಅನ್ಯಾ ಹೆಮ್ಮೆಯಿಂದ ಹಿಂದಿಗೆ ತಂದಳು: "ಭಾರತದಿಂದ ಬಂದ ನೇಕಾರರು, ಮೂವತ್ತೆಂಟು ವರ್ಷ ಮಗ್ಗದ ಮೇಲೆ ಕೂತವರು, ಮೊನ್ನೆ ಇದನ್ನು ಪರೀಕ್ಷೆ ಮಾಡಿದ್ದಾರೆ."

ಮಾರೆಕ್ ಪೆನ್ನು ಹಿಡಿದು ನನ್ನ ಕಡೆ ತಿರುಗಿದ. ಇದು ಈ ಗೋಡೆಗಳಿಗಿಂತ ಹಳೆಯದೆ?

ಆಗ ನನಗೆ ನೆನಪಾದದ್ದು ನನ್ನ ಅವ್ವನ ತವರು. ಬೀಳಗಿ ಕಡೆಯ ಆ ಊರು ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ಪರಿಹಾರಕ್ಕೆಂದು ಸರಕಾರದವರು ಮನೆಗಳನ್ನು ಅಳೆಯಲು ಬಂದಾಗ ಟೇಪಿನ ಒಂದು ತುದಿ ಹಿಡಿದವನು ನಾನೇ. ಬಾಗಿಲು, ಕಿಟಕಿ, ಬೇವಿನ ಗಿಡ ಎಲ್ಲ ಬರೆದುಕೊಂಡರು. ನನ್ನ ಅಜ್ಜ ಹಿಂದೆ ಹಿಂದೆ ಬಂದು ಒಂದೊಂದು ಕಂಬದ ಕಥೆ ಹೇಳುತ್ತಿದ್ದ. ಅದರಲ್ಲಿ ಖರೆ ಎಷ್ಟು, ಕಟ್ಟಿದ್ದು ಎಷ್ಟು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅಜ್ಜನಿಗಾಗಿ ಹಸಿ ಸುಳ್ಳು ಹೇಳುತ್ತಿದ್ದೆ. ಇಲ್ಲಿ ಒಬ್ಬ ಪೆನ್ನು ಹಿಡಿದು ಕೇಳುತ್ತಿದ್ದ, ಒಂದು ಹೌದು ಎಂದರೆ ಒಂದು ಮನೆ ಉಳಿಯುತ್ತಿತ್ತು. ಬೀಗರು ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ಹೌದು ಎನ್ನಬೇಕೆಂದೇ ಬಾಯಿ ತೆಗೆದೆ. ಅಷ್ಟರಲ್ಲಿ ಕೈ ಮತ್ತೆ ಅಂಚಿಗೆ ಹೋಗಿತ್ತು. ಅಂಚು ಹಿಡಿದುಕೊಂಡು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಯಂತ್ರದ್ದು" ಎಂದೆ. "ಅಷ್ಟು ಹಳೆಯದಲ್ಲ."

ಅನ್ಯಾ ಅನುವಾದಿಸಲಿಲ್ಲ. ನನ್ನನ್ನೇ ನೋಡುತ್ತ ನಿಂತಳು. ಬೀಗರು ಕಣ್ಣು ಮುಚ್ಚಿಕೊಂಡರು. ಹಾಲಿನಾ ಮೊಮ್ಮಗಳ ಮುಖ ನೋಡಿ, ನನ್ನ ಮುಖ ನೋಡಿ, ಮೆಲ್ಲನೆ ರಾಜನ ಬಾಂಕಿನ ಮೇಲೆ ಕೂತಳು. ಅನುವಾದ ಬೇಕಾಗಲಿಲ್ಲ. ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಉಂಡ ಮನೆಯ ಜಂತಿ ಎಣಿಸಿದ್ದು ಸಾಲದೆ, ಅದನ್ನು ಎಳೆದೂ ಹಾಕಿದ್ದೆ.

ಮಾರೆಕ್ ಪೆನ್ನಿನ ಮುಚ್ಚಳ ಹಾಕುವುದರಲ್ಲಿದ್ದ. ಆಗ ಹಾಲಿನಾ ಮಾತಾಡಿದಳು. ಕಥೆ ಹೇಳುವಾಗಿನ ಗಟ್ಟಿ ದನಿ ಇರಲಿಲ್ಲ. ಅನ್ಯಾ ನಡುನಡುವೆ ನಿಲ್ಲಿಸುತ್ತ ಹಿಂದಿಯಲ್ಲಿ ಹೇಳಿದಳು, ಅವಳೂ ಅದನ್ನು ಮೊದಲ ಸಲ ಕೇಳುತ್ತಿದ್ದಳು.

"ನೇಕಾರ ಹೇಳಿದ್ದು ಸರಿ. ಇದನ್ನು ಅಮ್ಮ ಆಮೇಲೆ ಬಟ್ಟೆ ಗಿರಣಿಯ ಅಂಗಡಿಯಿಂದ ತಂದದ್ದು. ಸರದಾರನ ಪಟ್ಟಿ ನಿಜವಾಗಿ ಇತ್ತು. ಬೆಂಕಿ ಬಿದ್ದ ದಿನ ಅಮ್ಮ ಒಳಗೆ ನುಗ್ಗಿದ್ದೂ ನಿಜ. ಆದರೆ ಪಟ್ಟಿಗಾಗಿ ಅಲ್ಲ. ನಾನು ಒಳಗಿದ್ದೆ, ಹುಟ್ಟಿ ಮೂರು ವಾರವಾಗಿತ್ತು. ಹೊರಗೆ ಹಿಮ. ನನ್ನನ್ನು ಸುತ್ತಲು ಅವಳ ಕೈಗೆ ಸಿಕ್ಕಿದ್ದು ಗೂಟದ ಮೇಲಿನ ಆ ಪಟ್ಟಿ."

"ಈಗ ಅದು ಎಲ್ಲಿ?" ಎಂದು ಮಾರೆಕ್ ಕೇಳಿದ.

"ಆ ಚಳಿಗಾಲವೆಲ್ಲ ನನ್ನ ಮೈಮೇಲೆ ಇದ್ದದ್ದು ಅದೊಂದೇ. ನಾನು ಅದರಲ್ಲಿ ಉಚ್ಚೆ ಹೊಯ್ದೆ, ಅಮ್ಮ ಒಗೆದಳು. ಮತ್ತೆ ಹೊಯ್ದೆ, ಮತ್ತೆ ಒಗೆದಳು. ಚಿಂದಿಯಾಯಿತು. ಜನ ಪಟ್ಟಿ ಎಲ್ಲಿ ಎಂದು ಕೇಳುತ್ತಿದ್ದರು. ಮಗುವಿನ ಬಟ್ಟೆ ಮಾಡಿ ಹರಿದೆ ಎನ್ನಲು ಅಮ್ಮನಿಗೆ ನಾಚಿಕೆ."

ನಾನು ಬೀಗರಿಗೆ ಕನ್ನಡದಲ್ಲಿ ಹೇಳಿದೆ. ಅವರು ಕಣ್ಣು ಬಿಟ್ಟರು. ಮುಧೋಳದ ಪೇಟೆಯಲ್ಲಿ ಗಟ್ಟಿ ಎದೆಯವರೆಂದು ಹೆಸರಾದವರು, ಟೋಪಿ ತೆಗೆದು ಅದರಲ್ಲೇ ಮುಖ ಒರೆಸಿಕೊಂಡರು.

"ನಾಚಿಕಿ ಯಾಕಂತ್ರಿ? ನಾವೂ ಕೂಸಿಗೆ ಅಜ್ಜಿ ಹಳೇ ಸೀರೀನ ಸುತ್ತತೀವಿ" ಎಂದರು. "ಹೊಸಾ ಅರಿವಿ ಚುಚ್ಚತೈತಿ ಅಂತ ಹೇಳ್ರಿ ಆಕಿಗೆ."

ಹೇಳಿಸಿದೆ. ಹಾಲಿನಾ ತಲೆಯಾಡಿಸಿದಳು. ಮಾರೆಕ್ ಮಾತ್ರ ಫೈಲಿನ ಹಾಳೆಗಳನ್ನು ತಿರುವುತ್ತಿದ್ದ.

"ಈ ಗೋಡೆಗಳನ್ನು ಕಟ್ಟಿದಾಗ ನಿಮಗೆ ಎಷ್ಟು ವಯಸ್ಸು?"

"ಮೂರು."

"ಅಲ್ಲಿಯವರೆಗೆ ಎಲ್ಲಿದ್ದಿರಿ?"

"ಇದೇ ಹಿತ್ತಲಿನ ಕೊಟ್ಟಿಗೆಯಲ್ಲಿ. ಎರಡು ಹಸುಗಳ ನಡುವೆ."

"ಮದುವೆಯಾಗಿ ಬೇರೆ ಕಡೆ ಹೋದಿರಾ?"

"ಗಂಡನೇ ಇಲ್ಲಿಗೆ ಬಂದ."

"ಮನೀ ಅಳಿಯ" ಎಂದರು ಬೀಗರು, ನಾನು ಹೇಳಿದ್ದು ಕೇಳಿ. ಯಾರೂ ಅದನ್ನು ಅನುವಾದಿಸಲಿಲ್ಲ.

ಮಾರೆಕ್ ನಿಯಮದ ಹಾಳೆಯನ್ನು ಎರಡು ಸಲ ಓದಿದ. ಬೆರಳಿಟ್ಟುಕೊಂಡು ಓದಿದ, ಸಾಲಿ ಹುಡುಗರು ಓದುವ ಹಾಗೆ. ಆಮೇಲೆ ಅನ್ಯಾಳಿಗೆ ಹೇಳಿದ: "ಗೋಡೆಗಳಿಗಿಂತ ಹಳೆಯದು, ಜಾಗ ಬಿಟ್ಟು ಕದಲದ್ದು ಅಂತ ಇದೆ. ಜೀವ ಇರಬಾರದು ಅಂತ ಎಲ್ಲೂ ಇಲ್ಲ."

ಅವನ ಮುಖದ ಮೇಲೆ ನಗುವಿನ ಸುಳಿವೂ ಇರಲಿಲ್ಲ. ವಸ್ತು ಎಂಬ ಜಾಗದಲ್ಲಿ ಹಾಲಿನಾಳ ಪೂರ್ತಿ ಹೆಸರು ಬರೆದ. ಕಾಲ ಎಂಬಲ್ಲಿ ಅವಳು ಹುಟ್ಟಿದ ಚಳಿಗಾಲ ಬರೆದ. ಸ್ಥಿತಿ ಎಂಬಲ್ಲಿಗೆ ಬಂದಾಗ ಪೆನ್ನು ಎತ್ತಿ, ದಯವಿಟ್ಟು ಒಲೆಯಿಂದ ಬಾಗಿಲವರೆಗೆ ನಡೆದು ತೋರಿಸಿ ಎಂದ. ಹಾಲಿನಾ ನಡೆದಳು, ತಿರುಗಿ ಬರುವಾಗ ಅವನ ಸಾರಿನ ಬಟ್ಟಲನ್ನೂ ಎತ್ತಿಕೊಂಡು ಹೋದಳು. ಬಳಕೆಯಲ್ಲಿದೆ ಎಂದು ಬರೆದುಕೊಂಡ.

ಹೊರಟ ದಿನ, ಮತ್ತು ಆಮೇಲೆ

ಹೊರಡುವಾಗ ಹಾಲಿನಾಳ ಮುಂದೆ ಕೈಮುಗಿದು, ನನ್ನ ಮಾತಿನಿಂದ ನಿಮ್ಮ ಮನಸ್ಸಿಗೆ ನೋವಾಯಿತು ಎಂದೆ. ಅವಳು ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು, ಅದು ಅಲ್ಲಿನ ರೂಢಿ. ಬೀಗರ ಕಡೆ ತಿರುಗಿದಾಗ ಅವರು ಎರಡು ಹೆಜ್ಜೆ ಹಿಂದೆ ಸರಿದು ಇನ್ನೊಮ್ಮೆ ಕೈಮುಗಿದರು. ವಿಮಾನ ಏರಿದ ಮೇಲೆ, "ನಾ ಹೇಳಿದ್ದು ತಪ್ಪಾತ್ರಿ ಬೀಗರ" ಎಂದರು. ಮಗಳ ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೊದಲ ಸಲ. ಇಲ್ಲ, ನಿಮ್ಮದೇನೂ ತಪ್ಪಿಲ್ಲ ಎಂದು ನಾನು ಹೇಳಲೇಬೇಕಾಯಿತು, ಹೇಳಿದೆ.

ಮೂರು ತಿಂಗಳ ಮೇಲೆ ಅನ್ಯಾ ಫೋನು ಮಾಡಿದಳು. ಮೇಲಿನ ಕಚೇರಿ ಮಾರೆಕ್‌ನ ಬರಹವನ್ನು ಎರಡು ಸಲ ಹಿಂದೆ ಕಳಿಸಿತಂತೆ, ಅವನು ಎರಡು ಸಲವೂ ಅದೇ ಹಾಳೆಯನ್ನು ಮುಂದೆ ತಳ್ಳಿದನಂತೆ. ಕೊನೆಗೆ ಆದೇಶ ಬಂದಿದೆ. ಕೆಂಪು ಗೂಟಗಳನ್ನು ಕಿತ್ತು ಎದುರಿನ ಆಲೂಗಡ್ಡೆ ಹೊಲದಲ್ಲಿ ನೆಟ್ಟಿದ್ದಾರೆ. ಆದರೆ ಆದೇಶದಲ್ಲಿ ಒಂದು ಷರತ್ತು ಇದೆ. ಯಾದಿಯಲ್ಲಿ ಹೇಳಿದ ವಸ್ತು ಇರುವವರೆಗೆ ಮಾತ್ರ ಕಟ್ಟಡಕ್ಕೆ ರಕ್ಷಣೆ.

ಹಾಲಿನಾ ಆ ಸಾಲನ್ನು ಮೂರು ಸಲ ಓದಿಸಿಕೊಂಡಳಂತೆ. ಓಡಬೇಡ ಎಂದು ಅಷ್ಟು ವರ್ಷ ಕೂಗಿದರೂ ಕೇಳದವಳು, ಈಗ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಾಳೆ ಎಂದಳು ಅನ್ಯಾ.